ನಮ್ಮ ಬೀದಿಯ ಕರೆಂಟ್ ಲೆಕ್ಕ

ಕರೆಂಟ್ ಉಳಿಸಿ ಅಂತ ಯಾರು ಹೇಳಲು ಹೊರಟರೂ ಮೊದಲು ಬರುವ ಮಾತು ಒಂದೇ. ರೂಮಿಂದ ಆಚೆ ಬರುವಾಗ ಲೈಟ್ ಆಫ್ ಮಾಡಿ. ಶಾಲೆ ಗೋಡೆ ಮೇಲೆ ಬರೆದಿರುತ್ತಾರೆ, ಭಾಷಣದಲ್ಲಿ ಹೇಳುತ್ತಾರೆ, ಮನೆಯಲ್ಲಿ ಅಪ್ಪಂದಿರು ದಿನಾ ಕೂಗಾಡುತ್ತಾರೆ. ನನಗೆ ಈ ಮಾತಿನ ಮೇಲೆ ಸ್ವಲ್ಪ ಸಿಟ್ಟಿದೆ. ತಪ್ಪು ಅಂತಲ್ಲ. ಆದರೆ ಮನೆ ಮನೆಗೂ ಎಲ್‌ಇಡಿ ಬಂದಾದ ಮೇಲೆ ಇದರಿಂದ ಉಳಿಯುವುದು ತೀರಾ ಕಡಿಮೆ. ಸಾವಿರ ವಾಟ್ ಒಂದು ಗಂಟೆ ಓಡಿದರೆ ಒಂದು ಯೂನಿಟ್. 9 ವಾಟ್ ಬಲ್ಬ್ ರಾತ್ರಿಯಿಡೀ, ಹತ್ತು ಗಂಟೆ ಉರಿದರೂ ಒಂದು ಯೂನಿಟ್‌ನ ಹತ್ತನೇ ಒಂದು ಭಾಗ ಕೂಡ ಆಗಲ್ಲ. 2,000 ವಾಟ್ ಗೀಸರ್ ಅಷ್ಟನ್ನು ಮೂರು ನಿಮಿಷದಲ್ಲಿ ತಿಂದು ಮುಗಿಸುತ್ತದೆ. ಆದರೂ ಗೀಸರ್ ಬಗ್ಗೆ ಯಾವ ಗೋಡೆ ಮೇಲೂ ಬರೆದಿದ್ದು ನಾನು ನೋಡಿಲ್ಲ.

ನಾನು ಮೈಸೂರಿನಲ್ಲಿ ಪಿಯು ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡುವವಳು. ಈ ಲೆಕ್ಕದ ಹುಚ್ಚು ಹತ್ತಿದ್ದು ಮಕ್ಕಳ ವಿಜ್ಞಾನ ಸಮಾವೇಶದಿಂದ. ನಮ್ಮ ರಾಜ್ಯದಲ್ಲಿ ಕರಾವಿಪ, ಅಂದರೆ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ನಡೆಸಿಕೊಡುವ ಈ ಸಮಾವೇಶಕ್ಕೆ 2012 ಮತ್ತು 2013ರಲ್ಲಿ ಶಕ್ತಿಯೇ ಮುಖ್ಯ ವಿಷಯ. ಮಕ್ಕಳು ಪುಸ್ತಕ ನೋಡಿ ಬರೆಯುವ ಹಾಗಿಲ್ಲ, ತಮ್ಮ ಊರಲ್ಲೇ ಓಡಾಡಿ ಲೆಕ್ಕ ತರಬೇಕು. ಗೈಡ್ ಅಂತ ಸೇರಿಕೊಂಡವಳು ನಾನು, ಆಮೇಲೆ ಸಮಾವೇಶ ಇರಲಿ ಬಿಡಲಿ, ಬೀದಿ ಮಕ್ಕಳನ್ನು ಕಟ್ಟಿಕೊಂಡು ಮನೆ ಮನೆ ಸುತ್ತುವುದು ಅಭ್ಯಾಸವೇ ಆಗಿಹೋಯಿತು. ನಮ್ಮ ಬಡಾವಣೆಯಲ್ಲಿ ನನ್ನನ್ನು ಈಗಲೂ 'ಕೆಇಬಿ ಮೇಡಂ' ಅಂತಾರೆ. ಕೆಇಬಿ ಹೋಗಿ ಕೆಪಿಟಿಸಿಎಲ್ ಬಂತು, ಅದಾದ ಮೇಲೆ ನಮ್ಮ ಕಡೆಗೆ ಸೆಸ್ಕ್ ಬಂತು, ಜನರ ಬಾಯಲ್ಲಿ ಮಾತ್ರ ಕೆಇಬಿ ಹೋಗಲಿಲ್ಲ.

ಮೊದಮೊದಲು ಎಲ್ಲರೂ ಮಾಡುವ ಹಾಗೆ ಮಕ್ಕಳ ಕೈಗೆ ಒಂದು ಫಾರಂ ಕೊಟ್ಟು ಕಳಿಸುತ್ತಿದ್ದೆ. ಎಷ್ಟು ಫ್ಯಾನ್, ಎಷ್ಟು ಟ್ಯೂಬ್‌ಲೈಟ್, ಗೀಸರ್ ದಿನಕ್ಕೆ ಎಷ್ಟು ಹೊತ್ತು, ಹೀಗೆ. ತುಂಬಿಸಿ ತಂದ ಫಾರಂ ನೋಡಿದರೆ ಇಡೀ ಬೀದಿಯೇ ಸಂತರ ಮನೆ. 'ಗೀಸರ್ ಹತ್ತೇ ನಿಮಿಷ', 'ಟಿವಿ ಸೀರಿಯಲ್ ಟೈಮಲ್ಲಿ ಮಾತ್ರ', 'ಮೋಟರ್ ಐದು ನಿಮಿಷ'. ಈ ಲೆಕ್ಕ ಕೂಡಿಸಿದರೆ ತಿಂಗಳಿಗೆ ಬರುವ ಯೂನಿಟ್, ಬಿಲ್‌ನಲ್ಲಿರುವುದರ ಅರ್ಧಕ್ಕೂ ಬರುತ್ತಿರಲಿಲ್ಲ. ಯಾರೂ ಬೇಕಂತ ಸುಳ್ಳು ಹೇಳಿದ್ದಲ್ಲ. ಸ್ವಿಚ್ ಹಾಕಿದ್ದು ನೆನಪಿರುತ್ತದೆ, ಆಫ್ ಮಾಡಿದ್ದು ಯಾವಾಗ ಅಂತ ಯಾರಿಗೆ ನೆನಪಿರುತ್ತದೆ? ಅದೂ ಬೆಳಿಗ್ಗೆ ಏಳು ಗಂಟೆಗೆ, ಒಂದು ಕೈಯಲ್ಲಿ ದೋಸೆ ಸಟ್ಟುಗ, ಇನ್ನೊಂದು ಕೈಯಲ್ಲಿ ಮಗುವಿನ ಟೈ ಹಿಡಿದುಕೊಂಡು.

ಹಾಗಾಗಿ ಫಾರಂ ಬಿಟ್ಟೆವು. ಮೀಟರ್ ಬೋರ್ಡ್ ಮುಂದೆ ನಿಂತೆವು.

ಈಗಿನ ಡಿಜಿಟಲ್ ಮೀಟರ್‌ನಲ್ಲಿ ಒಂದು ಪುಟ್ಟ ಕೆಂಪು ದೀಪ ಮಿಣುಕುತ್ತಿರುತ್ತದೆ, ನೋಡಿರುತ್ತೀರಿ. ಅದರ ಪಕ್ಕ ಒಂದು ಸಂಖ್ಯೆ ಇರುತ್ತದೆ. ನಮ್ಮ ಬೀದಿಯ ಬಹಳಷ್ಟು ಮೀಟರ್‌ಗಳಲ್ಲಿ 3200. ಅಂದರೆ ದೀಪ 3,200 ಸಲ ಮಿಣುಕಿದರೆ ಒಂದು ಯೂನಿಟ್ ಆಯಿತು ಅಂತ. ಇಷ್ಟು ಗೊತ್ತಿದ್ದರೆ ಸಾಕು, ಬೇರೆ ಯಾವ ಉಪಕರಣವೂ ಬೇಡ. ಮನೆಯಲ್ಲಿ ಎಲ್ಲ ಆಫ್ ಮಾಡಿಸಿ ಒಂದೊಂದೇ ಹಾಕಿಸಿ. ಒಂದು 9 ವಾಟ್ ಬಲ್ಬ್ ಮಾತ್ರ ಹಾಕಿದರೆ ದೀಪ ಒಂದು ಸಲ ಮಿಣುಕಿ ಮತ್ತೆ ಮಿಣುಕಲು ಎರಡು ನಿಮಿಷ ಬೇಕು. ಮಕ್ಕಳಿಗೆ ಕಾದು ಕಾದು ಬೇಜಾರು. 'ಮಿಸ್, ಮೀಟರ್ ಕೆಟ್ಟೋಗಿದೆ' ಅಂತಾರೆ. ಹಳೆ ಸೀಲಿಂಗ್ ಫ್ಯಾನ್ ಫುಲ್ ಸ್ಪೀಡಲ್ಲಿ ಹಾಕಿದರೆ ಹದಿನೈದು ಸೆಕೆಂಡಿಗೊಂದು ಸಲ. ಕಡಿಮೆ ಕರೆಂಟಲ್ಲಿ ತಿರುಗುವ ಹೊಸ ಬಿಎಲ್‌ಡಿಸಿ ಫ್ಯಾನ್ ಆದರೆ ಮೂವತ್ತೈದು ಸೆಕೆಂಡ್ ದಾಟುತ್ತದೆ. ಮಿಕ್ಸಿ ಎರಡು ಸೆಕೆಂಡ್ ಚಿಲ್ಲರೆ. ಸಂಪ್ ಮೋಟರ್ ಹಾಕಿದರೆ ಹೆಚ್ಚುಕಡಿಮೆ ಸೆಕೆಂಡಿಗೊಂದು. ಆಮೇಲೆ ಗೀಸರ್ ಹಾಕಿಸುತ್ತೇನೆ. ಸೆಕೆಂಡಿಗೆ ಎರಡು ಸಲದ ಹತ್ತಿರ. ಪಟಪಟ ಅಂತ ಹೊಡೆದುಕೊಳ್ಳುತ್ತದೆ, ಎಣಿಸುವುದೇ ಕಷ್ಟ.

ಎದುರುಮನೆ ಅಕ್ಕ ಇದನ್ನು ನೋಡಿ ಏನೂ ಮಾತಾಡಲಿಲ್ಲ. ಸೀದಾ ಒಳಗೆ ಹೋಗಿ ಗೀಸರ್ ಆಫ್ ಮಾಡಿ ಬಂದು, 'ಇನ್ನೊಂದ್ಸಲ ಹಾಕ್ಸಿ, ನಮ್ಮನೆಯವ್ರಿಗೆ ತೋರಿಸ್ಬೇಕು' ಅಂದರು. ಅಷ್ಟು ದಿನ ನಾನು ವಾಟ್, ಕಿಲೋವಾಟ್, ಯೂನಿಟ್ ಅಂತ ಹೇಳುತ್ತಿದ್ದಾಗ ಅವರು ತಲೆ ಆಡಿಸಿದ್ದೇ ಬಂತು.

ಇನ್ನೊಂದು ಮಜಾ ಇದೆ. ಎಲ್ಲ ಆಫ್ ಮಾಡಿದ್ದೇವೆ ಅಂದ ಮನೆಗಳಲ್ಲೂ ದೀಪ ನಿಮಿಷಕ್ಕೊಂದು ಸಲ ಮಿಣುಕುತ್ತಿರುತ್ತದೆ. ಆಗ ಶುರುವಾಗುತ್ತದೆ ಮಕ್ಕಳ ಬೇಟೆ. ಟಿವಿ ಕೆಳಗಿನ ಸೆಟ್‌ಟಾಪ್ ಬಾಕ್ಸ್, ವೈಫೈ ಡಬ್ಬಿ, ಪ್ಲಗ್‌ನಲ್ಲೇ ಬಿಟ್ಟ ಚಾರ್ಜರ್, ದೇವರ ಮನೆಯ ಮಿಣಿಮಿಣಿ ಸರ. ರಿಮೋಟಲ್ಲಿ ಆಫ್ ಮಾಡಿದರೂ ಸೆಟ್‌ಟಾಪ್ ಬಾಕ್ಸ್ ಸುಮಾರಾಗಿ ಮುಂಚಿನಷ್ಟೇ ಎಳೆಯುತ್ತಿರುತ್ತದೆ. ಕೈಯಿಟ್ಟು ನೋಡಿ, ಬೆಳಿಗ್ಗೆಯೂ ಬೆಚ್ಚಗಿರುತ್ತದೆ. ಹತ್ತು ವಾಟ್ ಅಂತ ಹಿಡಿದರೂ ದಿನವಿಡೀ ಇದ್ದರೆ ತಿಂಗಳಿಗೆ 7 ಯೂನಿಟ್ ಆಯಿತು. ಯಾರೋ ಬಚ್ಚಲಲ್ಲಿ ಮರೆತು ಬಂದ ಲೈಟಿಗಿಂತ ಇದು ಜಾಸ್ತಿ, ಆದರೆ ಇದಕ್ಕೆ ಯಾರೂ ಬೈಸಿಕೊಳ್ಳುವುದಿಲ್ಲ.

ಜನ ಲೈಟನ್ನೇ ಯಾಕೆ ನೆನೆಸಿಕೊಳ್ಳುತ್ತಾರೆ ಅನ್ನುವುದನ್ನು ಓದಿಕೊಂಡು ಹೋದರೆ, ಇದು ನಮ್ಮ ಮೈಸೂರಿನ ರೋಗ ಮಾತ್ರ ಅಲ್ಲ ಅಂತ ಗೊತ್ತಾಗುತ್ತದೆ. ಶಹಜೀನ್ ಅತ್ತಾರಿ ಮತ್ತು ಜೊತೆಯವರು ಅಮೆರಿಕದಲ್ಲಿ 505 ಜನರನ್ನು ಕೇಳಿ 2010ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಶಕ್ತಿ ಉಳಿಸಲು ನೀವು ಮಾಡಬಹುದಾದ ಅತಿ ಪರಿಣಾಮದ ಕೆಲಸ ಯಾವುದು ಅಂದರೆ, ಹೆಚ್ಚು ಜನ ಹೇಳಿದ್ದು ಲೈಟ್ ಆಫ್ ಮಾಡುವಂಥ ಕೆಲಸಗಳನ್ನೇ. ಹೆಚ್ಚು ಎಳೆಯುವ ಹಳೆ ಯಂತ್ರ ಬದಲಿಸುವ ಮಾತು ಬಂದಿದ್ದು ಕಡಿಮೆ. ದೊಡ್ಡ ಯಂತ್ರ ಎಷ್ಟು ಎಳೆಯುತ್ತದೆ ಅನ್ನುವುದನ್ನೂ ಜನ ತುಂಬಾ ಕಡಿಮೆ ಅಂದಾಜು ಮಾಡಿದ್ದರು. ಲೈಟ್ ಕಣ್ಣಿಗೆ ಕಾಣುತ್ತದೆ, ಬಿಸಿನೀರಿನ ಕರೆಂಟ್ ಕಾಣುವುದಿಲ್ಲ. ಅಷ್ಟೇ ಇದರ ಗುಟ್ಟು ಅನಿಸುತ್ತದೆ ನನಗೆ.

ಸರಿ, ಬಿಸಿನೀರಿನ ವಿಷಯಕ್ಕೆ ಬರೋಣ. ನಮ್ಮ ಕಡೆಯ ಮನೆಗಳಲ್ಲಿ ನಿಜವಾದ ಲೆಕ್ಕ ಇರುವುದು ಬಚ್ಚಲಲ್ಲೇ. ಎಸಿ ಇರುವ ಮನೆ ನಮ್ಮ ಬೀದಿಯಲ್ಲಿ ಕಡಿಮೆ, ಸ್ನಾನಕ್ಕೆ ಬಿಸಿನೀರು ಬೇಡ ಅನ್ನುವ ಮನೆ ಇಲ್ಲವೇ ಇಲ್ಲ. ಏಪ್ರಿಲ್‌ನಲ್ಲೂ ಬೇಕು. ಹದಿನೈದು ಲೀಟರಿನ ಒಂದು ಬಕೆಟ್ ಹದವಾದ ಬಿಸಿನೀರಿಗೆ ಸುಮಾರು 0.3 ಯೂನಿಟ್ ಬೇಕು. ಇದನ್ನು ಯಾವ ಕಂಪನಿಯ ಗೀಸರೂ ಕಡಿಮೆ ಮಾಡಲು ಆಗಲ್ಲ, ನೀರು ಕಾಯಲು ಅಷ್ಟು ಶಾಖ ಬೇಕೇ ಬೇಕು. ನಾಲ್ಕು ಜನ, ತಲೆಗೊಂದು ಬಕೆಟ್ ಅಂದರೆ ತಿಂಗಳಿಗೆ 36 ಯೂನಿಟ್. ಅದೇ ನಿಮಿಷಕ್ಕೆ ಎಂಟು ಲೀಟರ್ ಸುರಿಯುವ ಶವರ್ ಕೆಳಗೆ ಒಬ್ಬ ಹತ್ತು ನಿಮಿಷ ನಿಂತರೆ 80 ಲೀಟರ್, ಒಂದೂವರೆ ಯೂನಿಟ್, ಒಬ್ಬನಿಗೆ, ಒಂದು ಸ್ನಾನಕ್ಕೆ. ಕಾಲೇಜಿಗೆ ಹೋಗುವ ಮಗ ಇರುವ ಮನೆಯ ಬಿಲ್ ಯಾಕೆ ಜಾಸ್ತಿ ಅಂತ ನಾನು ಬಾಯಿಬಿಟ್ಟು ಹೇಳಬೇಕಾಗಿಲ್ಲ.

'ಆಯ್ತು, ಹಾಗಾದ್ರೆ ಸ್ನಾನ ಮಾಡ್ಬೇಡಿ ಅಂತೀರಾ?' ಅಂತ ರಿಟೈರ್ಡ್ ಬ್ಯಾಂಕ್ ಅಂಕಲ್ ಒಬ್ಬರು ಕೇಳಿದರು. ಇಲ್ಲ ಸಾರ್. ಬಕೆಟ್ ಸ್ನಾನಕ್ಕೆ ಮರಳಿ ಅಂತ ನಾನು ಹೇಳಿದ್ದೂ ಇಲ್ಲ, ಹೇಳಿದರೆ ಕೇಳುವವರೂ ಇಲ್ಲ. ನಾವು ಹೇಳಿದ್ದು ಎರಡೇ. ಒಂದು, ನೀರು ಎಷ್ಟು ಬಿಸಿ ಆಗಬೇಕು ಅಂತ ನಿರ್ಧರಿಸುವ ಗೀಸರಿನ ಥರ್ಮೋಸ್ಟಾಟ್ ಕಡಿಮೆ ಮಾಡಿಸಿ. ಕೈ ಸುಡುವಷ್ಟು ಕಾಯಿಸಿ ಅದಕ್ಕೆ ತಣ್ಣೀರು ಬೆರೆಸಿಕೊಂಡು ಸ್ನಾನ ಮಾಡುವುದರಲ್ಲಿ ಏನು ಸುಖ? ಎರಡು, ಬೆಳಿಗ್ಗೆ ಎಲ್ಲರದೂ ಒಂದರ ಹಿಂದೆ ಒಂದು ಮುಗಿಯಲಿ, ಮುಗಿದ ಮೇಲೆ ಸ್ವಿಚ್ ಆಫ್. ದಿನವಿಡೀ ಆನ್ ಇಟ್ಟರೆ ಟ್ಯಾಂಕಿನ ಬಿಸಿ ಸೋರುತ್ತಿರುತ್ತದೆ, ಅದು ತಾನೇ ತಾನಾಗಿ ಮತ್ತೆ ಮತ್ತೆ ಕಾಯಿಸಿಕೊಳ್ಳುತ್ತಿರುತ್ತದೆ. ಮಕ್ಕಳು ಖಾಲಿ ಮನೆಯ ಮೀಟರ್ ಮುಂದೆ ನಿಂತು ಇದನ್ನು ಹಿಡಿದರು. ಮನೆಯವರೆಲ್ಲ ಹೊರಗೆ, ದೀಪ ಸುಮ್ಮನಿತ್ತು, ಇದ್ದಕ್ಕಿದ್ದಂತೆ ಪಟಪಟ ಶುರುವಾಗಿ ಸ್ವಲ್ಪ ಹೊತ್ತಿಗೆ ನಿಂತಿತು.

ಸೋಲಾರ್ ಇರುವವರು ಇಲ್ಲಿ ಮೀಸೆ ತಿರುವುತ್ತಾರೆ. ಕರ್ನಾಟಕದಲ್ಲಿ ಸೋಲಾರ್ ವಾಟರ್ ಹೀಟರ್ ಹಬ್ಬಿದ ಕಥೆ ನಿಜಕ್ಕೂ ದೊಡ್ಡದು. ಒಂದು ಅಳತೆ ಮೀರಿದ ಹೊಸ ಮನೆಗೆ ಕರೆಂಟ್ ಕನೆಕ್ಷನ್ ಬೇಕಾದರೆ ಸೋಲಾರ್ ಹೀಟರ್ ಹಾಕಿಸಲೇಬೇಕು ಅಂತ ನಿಯಮ ಬಂತು, ಬಿಲ್‌ನಲ್ಲಿ ಯೂನಿಟ್‌ಗೆ 50 ಪೈಸೆಯಂತೆ ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ ರಿಯಾಯಿತಿಯೂ ಬಂತು. ಬೆಂಗಳೂರಿನ ಯಾವ ಮಹಡಿ ಹತ್ತಿ ನಿಂತರೂ ಸುತ್ತ ಕಾಣುವುದು ಅದೇ ತಾನೇ. ಬೆಳಿಗ್ಗೆ ಎಲ್ಲರೂ ಒಟ್ಟಿಗೆ ನೀರು ಕಾಯಿಸುವಾಗ ಗ್ರಿಡ್ ಮೇಲೆ ಬೀಳುವ ಹೊರೆ ಇದರಿಂದ ಇಳಿಯುತ್ತದೆ.

ಆದರೆ ಸೋಲಾರ್ ಇದ್ದರೆ ಮುಗಿಯಿತು ಅನ್ನುವ ಹಾಗಿಲ್ಲ. ಮಹಡಿ ಮೇಲಿನ ಟ್ಯಾಂಕಿಂದ ಕೆಳಗಿನ ಬಚ್ಚಲಿಗೆ ಪೈಪ್ ಉದ್ದ. ನಲ್ಲಿ ತಿರುಗಿಸಿದರೆ ಮೊದಲ ಒಂದೆರಡು ಬಕೆಟ್ ತಣ್ಣೀರೇ. ಆಫೀಸಿಗೆ ಹೊರಟವರಿಗೆ ಕಾಯುವ ತಾಳ್ಮೆ ಇಲ್ಲ, ಪಕ್ಕದಲ್ಲೇ ಗೀಸರ್ ಇದೆ, ಸ್ವಿಚ್ ಒತ್ತಿ ಮುಗಿಸುತ್ತಾರೆ. ಮೇಲೆ ನೀರು ಸುಡು ಸುಡು ಕಾದು ಕೂತಿರುತ್ತದೆ, ಕೆಳಗೆ ಕರೆಂಟಿನಲ್ಲಿ ಕಾಯಿಸುತ್ತಿರುತ್ತಾರೆ. ಇದಕ್ಕೆ ಮೂಲೆ ಮನೆ ಅಜ್ಜಿ ಒಂದು ದಾರಿ ಹಿಡಿದಿದ್ದಾರೆ. ಬೆಳಿಗ್ಗೆ ಎದ್ದವರೇ ಮೊದಲು ಬರುವ ತಣ್ಣೀರನ್ನು ಬಟ್ಟೆ ನೆನೆಸುವ ಬಕೆಟ್‌ಗೆ ಹಿಡಿದುಬಿಡುತ್ತಾರೆ. ಮಿಕ್ಕವರು ಏಳುವ ಹೊತ್ತಿಗೆ ನಲ್ಲಿಯಲ್ಲಿ ಬಿಸಿನೀರು ರೆಡಿ. ಇದನ್ನು ಯಾವ ಪುಸ್ತಕದಲ್ಲೂ ಓದಿದ್ದಲ್ಲ ಅವರು. ನಮ್ಮ ಬೀದಿಯಲ್ಲಿ ಜನ ನನ್ನ ಮಾತಿಗಿಂತ ಬೇಗ ಅನುಸರಿಸಿದ್ದು ಈ ಅಜ್ಜಿಯ ಉಪಾಯವನ್ನೇ.

ಮೋಡ ಇದ್ದಾಗ ಬಳಸಲು ಸೋಲಾರ್ ಟ್ಯಾಂಕಿನೊಳಗೆ ಕರೆಂಟಿನ ಒಂದು ಕಾಯಿಲ್ ಇರುತ್ತದಲ್ಲ, ಅದರ ಬಗ್ಗೆಯೂ ಒಂದು ಮಾತು. ಆಷಾಢದ ಜಿಟಿಜಿಟಿ ಮಳೆಯಲ್ಲಿ ಹಾಕಿದ ಸ್ವಿಚ್ಚು ದೀಪಾವಳಿವರೆಗೂ ಹಾಗೇ ಇರುತ್ತದೆ. 200 ಲೀಟರ್ ನೀರನ್ನು 30 ಡಿಗ್ರಿ ಏರಿಸಲು 7 ಯೂನಿಟ್ ಬೇಕು. ಮನೆಯಲ್ಲಿ ಇಬ್ಬರೇ ಇದ್ದು, ಬೇಕಿರುವುದು ಎರಡು ಬಕೆಟ್ ಆದರೂ ಅದು ಇಡೀ ಟ್ಯಾಂಕ್ ಕಾಯಿಸುತ್ತದೆ. ಸೋಲಾರ್ ಇದ್ದೂ ಬಿಲ್ ಯಾಕೆ ಇಷ್ಟು ಅಂತ ತಲೆ ಕೆಡಿಸಿಕೊಂಡಿರುವವರು ಮೊದಲು ಆ ಸ್ವಿಚ್ ಎಲ್ಲಿದೆ ಅಂತ ಹುಡುಕಿ. ಹೆಚ್ಚಾಗಿ ಮೆಟ್ಟಿಲ ಕೆಳಗೆ ಇರುತ್ತದೆ.

ಮೋಟರ್ ಬಗ್ಗೆ ಜಾಸ್ತಿ ಹೇಳಲ್ಲ. ಬೆಳಿಗ್ಗೆ ನಮ್ಮ ಬೀದಿಯಲ್ಲಿ ಒಂದಲ್ಲ ಒಂದು ಟ್ಯಾಂಕ್ ತುಂಬಿ ಗೋಡೆ ಮೇಲೆ ಸುರಿಯುತ್ತಿರುತ್ತದೆ, ಎದುರುಮನೆಯವರು 'ಮೋಟರ್ ಆಫ್ ಮಾಡ್ರೀ' ಅಂತ ಕೂಗುತ್ತಿರುತ್ತಾರೆ. ಮನೆ ಮೀಟರ್ ಲೆಕ್ಕದಲ್ಲಿ ಇದು ಸಣ್ಣದು. ಆದರೆ ಆ ನೀರೇ ನದಿಯಿಂದ ಪಂಪ್ ಆಗಿ ಮೇಲೆ ಬಂದಿದ್ದು. ಬೆಂಗಳೂರಿನವರ ಪಾಡು ಇನ್ನೂ ಜೋರು, ಕಾವೇರಿ ನೀರನ್ನು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್, ಹಂತ ಹಂತವಾಗಿ ಏರಿಸಿಕೊಂಡು ಬರಬೇಕು. ಹಾಗಾಗಿ ಚರಂಡಿಗೆ ಹೋದ ಪ್ರತಿ ಬಕೆಟ್ಟಿನಲ್ಲೂ ಕರೆಂಟ್ ಇದೆ.

ಇಷ್ಟೆಲ್ಲ ಗೊತ್ತಾದ ಮೇಲೆ ಜನ ಬದಲಾಗುತ್ತಾರಾ? ಈ ಪ್ರಶ್ನೆಗೆ ತುಂಬಾ ಜನ ತಲೆ ಕೊಟ್ಟಿದ್ದಾರೆ. ಕ್ಯಾಲಿಫೋರ್ನಿಯಾದ ಸ್ಯಾನ್ ಮಾರ್ಕೋಸ್ ಅನ್ನುವ ಊರಲ್ಲಿ ಮನಶ್ಶಾಸ್ತ್ರಜ್ಞರು ಮಾಡಿದ ಪ್ರಯೋಗ 2007ರಲ್ಲಿ ಪ್ರಕಟವಾಯಿತು. ಸುಮಾರು 290 ಮನೆಗಳ ಬಾಗಿಲಿಗೆ ಒಂದು ಚೀಟಿ ತಗುಲಿಹಾಕಿದರು. ನೀವು ಇಷ್ಟು ಬಳಸಿದ್ದೀರಿ, ನಿಮ್ಮ ಅಕ್ಕಪಕ್ಕದವರು ಸರಾಸರಿ ಇಷ್ಟು ಬಳಸಿದ್ದಾರೆ ಅಂತ. ಜಾಸ್ತಿ ಬಳಸುತ್ತಿದ್ದವರು ಇಳಿಸಿದರು. ತಮಾಷೆ ಏನು ಅಂದರೆ, ಕಡಿಮೆ ಬಳಸುತ್ತಿದ್ದವರು ಏರಿಸಿಬಿಟ್ಟರು! ಎಲ್ಲರೂ ಇಷ್ಟು ಬಳಸುವಾಗ ನಮ್ಮದೇನು ಅಂತ. ಆದರೆ ಕಡಿಮೆ ಬಳಸುವವರಲ್ಲಿ ಯಾರ ಚೀಟಿಯಲ್ಲಿ ಒಂದು ನಗುಮುಖವೂ ಇತ್ತೋ ಅವರಲ್ಲಿ ಆ ಏರಿಕೆ ಕಾಣಲಿಲ್ಲ. ಅದೇ ತಂಡದವರ ಇನ್ನೊಂದು ಅಧ್ಯಯನದಲ್ಲಿ, ಪಕ್ಕದ ಮನೆಯವರನ್ನು ನೋಡಿ ನೀವು ಕರೆಂಟ್ ಉಳಿಸುತ್ತೀರಾ ಅಂತ ಕೇಳಿದರೆ ಜನ ಛೇ ಛೇ ಇಲ್ಲ ಅಂದರು, ಲೆಕ್ಕ ಹಾಕಿ ನೋಡಿದರೆ ಹೆಚ್ಚು ಕೆಲಸ ಮಾಡಿದ್ದು ಅದೇ.

ಇದನ್ನೇ ಆಪವರ್ ಅನ್ನುವ ಕಂಪನಿ ಅಮೆರಿಕದಲ್ಲಿ ದೊಡ್ಡದಾಗಿ ಮಾಡಿತು. 6 ಲಕ್ಷ ಮನೆಗಳ ಲೆಕ್ಕ ತೆಗೆದು ಹಂಟ್ ಆಲ್ಕಾಟ್ 2011ರಲ್ಲಿ ಬರೆದ ಪ್ರಕಾರ ಸರಾಸರಿ ಉಳಿತಾಯ ಶೇ. 2. ಇಷ್ಟೇನಾ ಅಂತ ಅನಿಸಬಹುದು. ಒಂದು ಕಾಗದ ಕಳಿಸಿದ್ದಕ್ಕೆ ಅಷ್ಟು ಬಂತಲ್ಲ, ಅದೇ ದೊಡ್ಡದು. ನನಗೆ ಇದಕ್ಕಿಂತ ಹಿಡಿಸಿದ್ದು ನಮ್ಮ ದೇಶದ್ದೇ ಇನ್ನೊಂದು. ಅನಂತ್ ಸುದರ್ಶನ್ ಅನ್ನುವ ಅರ್ಥಶಾಸ್ತ್ರಜ್ಞರು ದೆಹಲಿ ಕಡೆಯ ಮನೆಗಳಲ್ಲಿ ಮಾಡಿ 2017ರಲ್ಲಿ ಪ್ರಕಟಿಸಿದ್ದು. ಅಕ್ಕಪಕ್ಕದವರ ಜೊತೆ ಹೋಲಿಸಿ ವಾರಕ್ಕೊಂದು ವರದಿ ಕೊಟ್ಟಾಗ ಬೇಸಿಗೆ ಬಳಕೆ ಶೇ. 7ರಷ್ಟು ಇಳಿಯಿತು. ಅದೇ ವರದಿ ಜೊತೆಗೆ ದುಡ್ಡಿನ ಆಸೆಯನ್ನೂ ಸೇರಿಸಿದಾಗ ಇಳಿಕೆಯೇ ಕಾಣಲಿಲ್ಲ. ದುಡ್ಡು ಬಂದ ಕೂಡಲೇ ಜನ ಇದನ್ನು ವ್ಯಾಪಾರ ಅಂತ ನೋಡುತ್ತಾರೆ ಅನಿಸುತ್ತದೆ. ಇಷ್ಟು ಚಿಲ್ಲರೆಗೆ ಫ್ಯಾನ್ ಆಫ್ ಮಾಡಿಕೊಂಡು ಬೆವರಬೇಕಾ ಅಂತ.

ನಮ್ಮ ಬೀದಿಯಲ್ಲಿ ಹೋಲಿಕೆ ಮಾಡಲು ಹೊರಟಾಗ ಮೊದಲ ಅಡ್ಡಿ ಬಂದಿದ್ದು ಹೆಂಗಸರಿಂದ. ವಾಟ್ಸಾಪ್ ಗ್ರೂಪಲ್ಲಿ ಮನೆವಾರು ಯೂನಿಟ್ ಹಾಕೋಣ ಅಂತ ಹುಡುಗರು ಅಂದರು. 'ಬೇಡಪ್ಪ, ಆಮೇಲೆ ಕಡಿಮೆ ಬಂದ್ರೆ ಜಿಪುಣ್ರು ಅಂತಾರೆ, ಜಾಸ್ತಿ ಬಂದ್ರೆ ದುಂದು ಅಂತಾರೆ, ಎರಡಕ್ಕೂ ಮಾತು ಕೇಳೋದು ಮನೇಲಿರೋ ನಾವೇ' ಅಂದರು ಒಬ್ಬರು. ಸರಿಯಾದ ಮಾತು. ಅತ್ತೆ ಮನೆಯಲ್ಲಿ ಬಾಣಂತಿ ಇದ್ದರೆ ದಿನಕ್ಕೆ ಎಷ್ಟು ಬಿಸಿನೀರು ಬೇಕು ಅಂತ ಆ ಪಟ್ಟಿಯಲ್ಲಿ ಕಾಣುತ್ತದಾ? ಮನೆಯಲ್ಲೇ ಆಕ್ಸಿಜನ್ ಮಿಷನ್ ಹಾಕಿಕೊಂಡಿರುವ ತಾತ ಇದ್ದರೆ? ಹೆಸರಿನ ಪಟ್ಟಿ ಅಲ್ಲಿಗೇ ಕೈಬಿಟ್ಟೆವು. ಅದರ ಬದಲು ಪ್ರತಿ ಮನೆಗೂ ಒಂದು ಚೀಟಿ. ಹೋದ ವರ್ಷ ಇದೇ ತಿಂಗಳು ನಿಮ್ಮದು ಇಷ್ಟು, ಈ ವರ್ಷ ಇಷ್ಟು, ನಿಮ್ಮಷ್ಟೇ ಜನರಿರುವ ಬೀದಿಯ ಬೇರೆ ಮನೆಗಳದು ಸುಮಾರು ಇಷ್ಟು. ಕವರ್‌ನಲ್ಲಿ ಹಾಕಿ ಕೊಡುವುದು. ಕಡಿಮೆ ಇರುವವರಿಗೆ ಮಕ್ಕಳು ನಗುಮುಖ ಬರೆಯುತ್ತಾರೆ, ಕೆಲವರು ಮೀಸೆಯನ್ನೂ ಸೇರಿಸುತ್ತಾರೆ. ಹಿರಿಯರು ಅದನ್ನು ಫ್ರಿಜ್ ಮೇಲೆ ಅಂಟಿಸಿಕೊಂಡಿದ್ದನ್ನು ನೋಡಿದ್ದೇನೆ.

ಎಷ್ಟು ಉಳಿಯಿತು ಅಂತ ಎಲ್ಲರೂ ಕೇಳುತ್ತಾರೆ. ಒಂದು ಸಂಖ್ಯೆ ಹೇಳಿ ಚಪ್ಪಾಳೆ ಗಿಟ್ಟಿಸುವುದು ಸುಲಭ, ನಾನು ಹೇಳಲ್ಲ. ಡಿಸೆಂಬರ್ ಬಿಲ್ಲಿಗೂ ಮಾರ್ಚ್ ಬಿಲ್ಲಿಗೂ ಹೋಲಿಸಿದರೆ ಅರ್ಥ ಇಲ್ಲ, ಒಂದರಲ್ಲಿ ಗೀಸರ್, ಇನ್ನೊಂದರಲ್ಲಿ ಫ್ಯಾನ್. ಮಗಳು ಹೆರಿಗೆಗೆ ಬಂದಿರುತ್ತಾಳೆ, ಮಗ ಬೆಂಗಳೂರಿಗೆ ಕೆಲಸಕ್ಕೆ ಹೋಗಿರುತ್ತಾನೆ. ಇನ್ನೂ ಒಂದು ತೊಡಕಿದೆ. 2013ರಲ್ಲಿ ಬಂದ ಅಮೆರಿಕದ ಒಂದು ಅಧ್ಯಯನದಲ್ಲಿ, ನಿಮ್ಮ ಮನೆಯನ್ನು ಕರೆಂಟ್ ಅಧ್ಯಯನಕ್ಕೆ ಆರಿಸಿದ್ದೇವೆ ಅಂತ ಪೋಸ್ಟ್‌ಕಾರ್ಡ್ ಕಳಿಸಿದರು. ಸಲಹೆ ಇಲ್ಲ, ಹೋಲಿಕೆ ಇಲ್ಲ, ಏನೂ ಇಲ್ಲ. ಅಷ್ಟಕ್ಕೇ ಬಳಕೆ ಶೇ. 2.7 ಇಳಿಯಿತು. ಕಾರ್ಡ್ ನಿಂತ ಮೇಲೆ ಮತ್ತೆ ಹಳೆ ಕಥೆ. ಯಾರೋ ನೋಡುತ್ತಿದ್ದಾರೆ ಅಂದರೆ ಸಾಕು, ಜನ ಸ್ವಲ್ಪ ನೆಟ್ಟಗಾಗುತ್ತಾರೆ. ನಮ್ಮ ಮಕ್ಕಳು ಮೀಟರ್ ಮುಂದೆ ನಿಂತಾಗಲೂ ಅದೇ ಆಗಿರಬೇಕಲ್ವಾ? ಹಾಗಾಗಿ ನಾನು ಯೂನಿಟ್‌ಗಿಂತ ಹೆಚ್ಚಾಗಿ ನೋಡುವುದು ಮಕ್ಕಳು ಬರುವುದು ನಿಂತ ಮೇಲೂ ಯಾವುದು ಉಳಿದಿದೆ ಅಂತ. ಅಜ್ಜಿಯ ಬಕೆಟ್ ಉಪಾಯ ಉಳಿದಿದೆ. ಇಳಿಸಿದ ಥರ್ಮೋಸ್ಟಾಟ್ ಉಳಿದಿದೆ, ಯಾಕಂದರೆ ಅದನ್ನು ಮತ್ತೆ ಏರಿಸಲು ಯಾರಿಗೂ ಪುರುಸೊತ್ತಿಲ್ಲ. ಸೆಟ್‌ಟಾಪ್ ಬಾಕ್ಸ್ ಸ್ವಿಚ್ ಆಫ್ ಮಾಡುವುದು ಯಾವ ಮನೆಯಲ್ಲೂ ಉಳಿದಿಲ್ಲ. ಪ್ಲಗ್ ಇರುವುದು ಟಿವಿ ಹಿಂದೆ, ಬಗ್ಗಿ ಕೈ ಹಾಕಬೇಕು. ಮತ್ತೆ ಆನ್ ಮಾಡಿದರೆ ಚಾನೆಲ್ ಬರಲು ಕಾಯಬೇಕು. ದಿನಾ ಮಾಡಬೇಕಾದ್ದು ಸೋಲುತ್ತದೆ, ಒಂದೇ ಸಲ ಮಾಡಿ ಮರೆಯುವಂಥದ್ದು ಗೆಲ್ಲುತ್ತದೆ.

ಈಗ ಗೃಹಜ್ಯೋತಿ. ಇದರ ಬಗ್ಗೆ ಮಾತಾಡದೆ ಕರ್ನಾಟಕದಲ್ಲಿ ಕರೆಂಟ್ ಉಳಿತಾಯದ ಮಾತೇ ಆಡುವ ಹಾಗಿಲ್ಲ. 2023ರ ಆಗಸ್ಟ್‌ನಲ್ಲಿ ಬಂದ ಬಿಲ್‌ನಿಂದ ಶುರುವಾಯಿತು. 2022-23ರ ನಿಮ್ಮ ತಿಂಗಳ ಸರಾಸರಿ ತೆಗೆದು, ಅದಕ್ಕೆ ಶೇ. 10 ಸೇರಿಸಿ, ಅಷ್ಟು ಯೂನಿಟ್ ಉಚಿತ. ಮಿತಿ 200. ಆ ಉಚಿತ ಲೆಕ್ಕ ಮೀರಿ ಬಳಸಿದರೆ ಮೀರಿದ್ದಕ್ಕೆ ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. 2024ರಲ್ಲಿ 48 ಯೂನಿಟ್‌ಗಿಂತ ಕಡಿಮೆ ಬಳಸುವವರಿಗೆ ಶೇ. 10ರ ಬದಲು 10 ಯೂನಿಟ್ ಜಾಸ್ತಿ ಕೊಟ್ಟರು. ಅದೇ ವರ್ಷ ಏಪ್ರಿಲ್‌ನಿಂದ ಮನೆ ಬಳಕೆಯ ಹಳೆ ಸ್ಲ್ಯಾಬ್‌ಗಳೂ ಹೋಗಿ ಯೂನಿಟ್‌ಗೆ 5 ರೂಪಾಯಿ 90 ಪೈಸೆ ಅಂತ ಒಂದೇ ದರ ಬಂತು.

ಬಿಟ್ಟಿ ಕೊಟ್ಟು ಜನರನ್ನು ಹಾಳು ಮಾಡಿದರು ಅನ್ನುವವರ ಜೊತೆ ನಾನು ಸೇರುವುದಿಲ್ಲ. ನಮ್ಮ ಬೀದಿ ಹಿಂದಿನ ವಠಾರದಲ್ಲಿ ಎರಡು ಬಲ್ಬು, ಒಂದು ಫ್ಯಾನು, ಒಂದು ಟಿವಿ ಇರುವ ಮನೆಗಳಿವೆ. ಸ್ನಾನದ ನೀರು ಸೌದೆ ಒಲೆಯಲ್ಲಿ ಕಾಯುತ್ತದೆ. ಅವರಿಗೆ ಕರೆಂಟ್ ಉಳಿಸಿ ಅಂತ ಹೇಳಲು ಹೋಗುವುದು ಏನು ನ್ಯಾಯ? ಅವರ ಹತ್ತಿರ ಉಳಿಸಲು ಏನೂ ಇಲ್ಲ. ಅಲ್ಲಿಗೆ ನಾವು ಚೀಟಿ ಒಯ್ಯುವುದಿಲ್ಲ. ಬೇಕಿದ್ದರೆ ಅವರಿಗೆ ಇನ್ನೊಂದು ಫ್ಯಾನು ಸಿಗಲಿ.

ಇದನ್ನು ಯೋಚಿಸುವಾಗೆಲ್ಲ ನನಗೆ ಪುರ ನೆನಪಾಗುತ್ತದೆ. ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ, ಆಗ ಐವತ್ತು ಚಿಲ್ಲರೆ ಮನೆಗಳಿದ್ದ ಹಳ್ಳಿ. ಬೆಂಗಳೂರಿನ ಐಐಎಸ್‌ಸಿಯಲ್ಲಿ 1974ರಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿ ಅಸ್ತ್ರ ಅನ್ನುವ ಘಟಕ ಕಟ್ಟಿದ ಅಮೂಲ್ಯ ರೆಡ್ಡಿ ಮತ್ತು ಸಂಗಡಿಗರು 1970ರ ದಶಕದಲ್ಲಿ ಆ ಸುತ್ತಿನ ಹಳ್ಳಿಗಳಿಗೆ ಹೋಗಿ ಮನೆ ಮನೆಯಲ್ಲಿ ಶಕ್ತಿ ಯಾವುದಕ್ಕೆ ಎಷ್ಟು ಹೋಗುತ್ತದೆ ಅಂತ ಅಳೆದರು. ಸೌದೆ ತೂಗಿದರು. ನೀರು, ಸೌದೆ ಹೊರುವ ಹೆಂಗಸರ ಮತ್ತು ಮಕ್ಕಳ ದುಡಿಮೆಯನ್ನೂ ಶಕ್ತಿ ಅಂತಲೇ ಲೆಕ್ಕಕ್ಕೆ ತಂದರು. ಆಮೇಲೆ ಅಡುಗೆಗೆ ಸಗಣಿ ಗ್ಯಾಸ್ ಕೊಡುವ ಯೋಜನೆ ಮಾಡಿದರು. ಇಡೀ ಊರಿನ ಅಡುಗೆಗೆ ಸಾಕಾಗುವಷ್ಟು ಗ್ಯಾಸ್ ಬರಲಿಲ್ಲ. 1980ರ ದಶಕದ ಕೊನೆ ಹೊತ್ತಿಗೆ ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ, ಬೋರ್‌ವೆಲ್ ನೀರು ಎತ್ತಿ ನಲ್ಲಿಗೆ ಕೊಟ್ಟರು, ಮನೆಗಳಿಗೆ ದೀಪ ಕೊಟ್ಟರು. ಊರವರೇ ಸಗಣಿ ತಂದು ಹಾಕಿ, ಊರವರೇ ನಡೆಸಿದರು. ಊರಿಗೆ ಮೊದಲು ಬೇಕಿದ್ದಿದ್ದು ನೀರು. ಬೆಂಗಳೂರಲ್ಲಿ ಕೂತು ಇದು ಗೊತ್ತಾಗುವ ಹಾಗಿರಲಿಲ್ಲ. ಮುಂದೆ ಇಡೀ ರಾಜ್ಯದ ವಿದ್ಯುತ್ ಯೋಜನೆಗೂ ರೆಡ್ಡಿಯವರು ಇದೇ ಪ್ರಶ್ನೆ ಹಾಕಿದರು. ಜನರಿಗೆ ಬೇಕಾಗಿರುವುದು ಯೂನಿಟ್ಟಾ, ಅಥವಾ ಬೆಳಕು, ಬಿಸಿನೀರು, ಬೆಂದ ಅನ್ನವಾ? ಅದನ್ನು ಕಡಿಮೆ ಕರೆಂಟಲ್ಲಿ ಕೊಡಲು ಆಗುವಾಗ ಇನ್ನಷ್ಟು ಪವರ್ ಸ್ಟೇಷನ್ ಯಾಕೆ?

ಮತ್ತೆ ಗೃಹಜ್ಯೋತಿಗೆ. ನನಗೆ ಕುತೂಹಲ ಇರುವುದು 200ರ ಅಂಚಿನಲ್ಲಿರುವ ಮನೆಗಳ ಬಗ್ಗೆ. 199ಕ್ಕೆ ನಿಂತರೆ ಮೀರಿದ ಯೂನಿಟ್‌ಗಷ್ಟೇ ದುಡ್ಡು, 201 ಆದರೆ ಸಾವಿರಕ್ಕೂ ಮೇಲೆ. ತಿಂಗಳ ಕೊನೆ ವಾರದಲ್ಲಿ ಇಂಥ ಮನೆಗಳಲ್ಲಿ ಮೀಟರ್ ಓದುವುದನ್ನು ನೋಡಬೇಕು ನೀವು, ಸಚಿನ್ ತೊಂಬತ್ತರಲ್ಲಿ ಆಡುವಾಗ ಸ್ಕೋರ್ ಕೇಳುತ್ತಿದ್ದ ಹಾಗೆ. 'ಇವತ್ತು ಎಷ್ಟಾಯ್ತು? 184ಆ? ಇನ್ನು ವಾಷಿಂಗ್ ಮಿಷನ್ ಹಾಕ್ಬೇಡಿ, ಒಂದನೇ ತಾರೀಖಾದ್ಮೇಲೆ ನೋಡೋಣ.' ವರ್ಷಗಟ್ಟಲೆ ನಾವು ಹೇಳಿ ಆಗದ್ದನ್ನು ಒಂದು ಗೆರೆ ಮಾಡಿತು, ಮೀಟರ್ ಎಲ್ಲಿದೆ ಅಂತಲೇ ಗೊತ್ತಿಲ್ಲದವರು ದಿನಾ ನೋಡಲು ಕಲಿತರು. ಇಂಥ ಮನೆಗಳಿಗೆ ನಮ್ಮ ಮಕ್ಕಳನ್ನು ಈಗ ಅವರೇ ಕರೆಯುತ್ತಾರೆ. ಗೆರೆಯಿಂದ ತುಂಬಾ ಕೆಳಗಿರುವವರಿಗೆ ಹಾಗಲ್ಲ. ತಮ್ಮ ಸರಾಸರಿಯೊಳಗೆ ಎಷ್ಟು ಉಳಿಸಿದರೂ ಬಿಲ್ ಸೊನ್ನೆಯೇ, ಉಳಿಸದಿದ್ದರೂ ಸೊನ್ನೆಯೇ. ಉಳಿಸಿದ ಯೂನಿಟ್‌ಗೆ ಒಂದು ಮೆಚ್ಚುಗೆ ಮಾತಾದರೂ ಬಿಲ್ ಮೇಲೆ ಬರಬಾರದಾ ಅಂತ ನನಗನಿಸುತ್ತದೆ. ದುಡ್ಡು ಬೇಡ, ದೆಹಲಿ ಕಥೆ ನೋಡಿದೆವಲ್ಲ. ಆ ನಗುಮುಖವೇ ಸಾಕು.

ಇನ್ನು ನಮ್ಮ ಬೀದಿಯಲ್ಲಿ ಬಗೆಹರಿಯದೆ ಕೂತಿರುವುದು ಫ್ಯಾನ್ ವಿಷಯ. ಹಳೆ ಫ್ಯಾನ್ 75 ವಾಟ್, ಬಿಎಲ್‌ಡಿಸಿ 30 ವಾಟ್ ಆಸುಪಾಸು. ದಿನಕ್ಕೆ ಹನ್ನೆರಡು ಗಂಟೆ ತಿರುಗಿದರೆ ತಿಂಗಳಿಗೆ 16 ಯೂನಿಟ್ ಉಳಿತಾಯ, ಒಂದು ಫ್ಯಾನಿಗೆ. 2023ರಿಂದ ಸೀಲಿಂಗ್ ಫ್ಯಾನಿಗೂ ಸ್ಟಾರ್ ಲೇಬಲ್ ಕಡ್ಡಾಯ, ಹಾಗಾಗಿ ಅಂಗಡಿಯಲ್ಲಿ ನೋಡಿ ಆರಿಸುವುದೂ ಸುಲಭ. ಒಂದೇ ಸಲ ಮಾಡಿ ಮರೆಯಬಹುದಾದ ಕೆಲಸ ಅಂದರೆ ಇದೇ. ಆದರೆ ಬೀದಿಯಲ್ಲಿ ಅರ್ಧ ಮನೆಗಳು ಬಾಡಿಗೆಯವು. ಫ್ಯಾನ್ ಹಾಕಿಸಬೇಕಾದವರು ಓನರ್, ಬಿಲ್ ಕಟ್ಟುವವರು ಬಾಡಿಗೆಯವರು. 'ನಾನ್ಯಾಕೆ ಮೂರು ಸಾವಿರ ಹಾಕ್ಲಿ ಮೇಡಂ, ಉಳಿಯೋದು ಅವ್ರಿಗೆ' ಅಂತಾರೆ ಓನರ್. 'ಹನ್ನೊಂದು ತಿಂಗ್ಳಿಗೆ ಬಿಡಿಸಿದ್ರೆ ಫ್ಯಾನ್ ಅವ್ರ ಪಾಲು' ಅಂತಾರೆ ಬಾಡಿಗೆಯವರು. ಇಬ್ಬರೂ ಹೇಳುವುದು ಸರಿ. ಎರಡು ಮನೆಗಳಲ್ಲಿ ಒಂದು ಒಪ್ಪಂದ ಆಗಿದೆ. ಬಾಡಿಗೆಯವರು ತಮ್ಮ ದುಡ್ಡಲ್ಲಿ ಫ್ಯಾನ್ ತಂದು ಹಾಕಿಕೊಳ್ಳುತ್ತಾರೆ, ಓನರ್ ಹಳೆಯದನ್ನು ಬಿಚ್ಚಿ ಅಟ್ಟದ ಮೇಲೆ ಇಡುತ್ತಾರೆ, ಮನೆ ಖಾಲಿ ಮಾಡುವಾಗ ಬಾಡಿಗೆಯವರು ತಮ್ಮದನ್ನು ತೆಗೆದುಕೊಂಡು ಹಳೆಯದನ್ನು ವಾಪಸ್ ಹಾಕಿಸಿ ಹೋಗಬೇಕು, ಎಲೆಕ್ಟ್ರಿಷಿಯನ್ ಕೂಲಿ ಅರ್ಧ ಅರ್ಧ. ಅಗ್ರಿಮೆಂಟ್‌ನಲ್ಲೂ ಬರೆಸಿದ್ದಾರೆ. ಮೂರನೇ ಮನೆಯ ಓನರ್ ಹತ್ತಿರ ಮಾತಾಡಿದ್ದೇನೆ. ಯುಗಾದಿ ಕಳೆದ ಮೇಲೆ ಹೇಳುತ್ತೇನೆ ಅಂದಿದ್ದಾರೆ.